ಒಲೆಯ ಎದುರಿನ ಧರೆ

ಕಾಣದ ಊರಿನ ಚಿತ್ರ ನಾನು ಬರೆಯುವುದಿಲ್ಲ. ಹಿಮಾಲಯ ಬರೆದುಕೊಡಿ ಎಂದು ಒಬ್ಬರು ಕೇಳಿದ್ದರು, ಕ್ಯಾಲೆಂಡರ್ ತಗೊಳ್ಳಿ ಎಂದು ಕಳಿಸಿದೆ. ನನ್ನದೇನಿದ್ದರೂ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನೊಳಗಿನ ವ್ಯವಹಾರ. ಹಿನ್ನೀರಿನ ದಂಡೆ, ಕೆಳದಿಯ ಕೆರೆ ಏರಿ, ತುಂಗೆಯ ಬಂಡೆ, ಬಸ್ಸಿಗೆ ಕಾಯುತ್ತ ಕೂತ ಮೋರಿಕಟ್ಟೆಗಳು. ಡ್ರಾಯಿಂಗ್ ಮೇಷ್ಟ್ರಾಗಿ ವರ್ಗದ ಮೇಲೆ ವರ್ಗ ತಗೊಂಡು ಇಲ್ಲೇ ಸುತ್ತಿದವನಿಗೆ ಇಷ್ಟು ಸಾಕು. ನಿವೃತ್ತನಾಗಿ ಸಾಗರದಲ್ಲಿ ತಳವೂರಿದ ಮೇಲೆ ಬರೆಯುವುದೊಂದೇ ಕೆಲಸ.

ಬಣ್ಣದಲ್ಲೂ ನನಗೊಂದು ಹುಚ್ಚಿದೆ. ಅಡಿಕೆ ಬೇಯಿಸಿದ ನೀರು ಇಂಗಿ ಗಟ್ಟಿಯಾದರೆ ಅದು ಚೊಗರು. ಬೇಯಿಸಿದ ಅಡಿಕೆಗೆ ಕೆಂಪು ಹತ್ತಿಸಲು ಅದನ್ನು ಬಳಸುತ್ತಾರೆ. ಒಮ್ಮೆ ಕುಂಚ ಅದ್ದಿ ಕಾಗದದ ಮೇಲೆಳೆದು ನೋಡಿದೆ. ತೆಳುವಾಗಿ ಹಚ್ಚಿದರೆ ಸಂಜೆ ಬಿಸಿಲು, ದಪ್ಪ ಹಚ್ಚಿದರೆ ನೆಂದ ಮರದ ತೊಗಟೆ. ತುಕ್ಕು ಹಿಡಿದ ಮೊಳೆಯನ್ನು ಅದರಲ್ಲಿ ಒಂದು ದಿನ ಹಾಕಿಟ್ಟರೆ ಕಾಡಿಗೆಯಂಥ ಕಪ್ಪು. ಯಾವ ಪೇಟೆಯ ಟ್ಯೂಬಿನಲ್ಲೂ ಸಿಗದ ಬಣ್ಣ ನಮ್ಮ ಮನೆ ಹಿತ್ತಲಲ್ಲೇ ಇತ್ತಲ್ಲ ಎಂದು ಕುಣಿದೆ. "ಎಂತ ಇದು, ಅಡಿಕೆಗೆ ಚೊಗರೇ ಇಲ್ಲೆ, ನಿಂಗಳ ಚಿತ್ರಕ್ಕೆಲ್ಲ ಇದ್ದು!" ಎಂದು ಹೆಂಡತಿ ರೇಗಿದಳು. ಚೊಗರಿನ ಚಿತ್ರಕ್ಕೆ ಶೀತ ತಾಗಿದರೆ ಬೂಷ್ಟು, ಹಬೆ ತಾಗಿದರೆ ಕಲೆ. ಆದರೂ ಬಿಡಲಾಗಲಿಲ್ಲ.

ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿ ಧೂಪದ ಮರಗಳ ಕೆಳಗೆ ಒಂದು ಚಾ ಅಂಗಡಿ ಇತ್ತು. ನಡೆಸುತ್ತಿದ್ದವರು ನನ್ನ ವಾರಿಗೆಯ ಒಬ್ಬ ಹೆಂಗಸು. ನಾನು ಅಕ್ಕ ಅನ್ನುತ್ತಿದ್ದೆ, ಅವರು ಮೇಷ್ಟ್ರೇ ಅನ್ನುತ್ತಿದ್ದರು. ಬಸ್ಸು ತಪ್ಪಿಸಿಕೊಂಡು ಅಲ್ಲಿ ಕೂತ ಗಂಟೆಗಳನ್ನು ಲೆಕ್ಕ ಹಾಕಿದರೆ ನನ್ನ ಅರ್ಧ ನೌಕರಿ ಅಲ್ಲೇ ಕಳೆಯಿತು ಅನ್ನಬೇಕು.

ಒಂದು ಬೇಸಿಗೆಯಲ್ಲಿ ಹೋದಾಗ ಮರಗಳ ಮೈಮೇಲೆಲ್ಲ ಬಿಳಿ ಬಣ್ಣದ ನಂಬರ್ ಬಿದ್ದಿತ್ತು. ರಸ್ತೆ ಅಗಲ ಮಾಡುವ ಕೆಲಸ. "ಮರ ಕಡಿತಾರಂತೆ, ಅಂಗಡೀನೂ ತೆಗೀಬೇಕಂತೆ" ಎಂದರು ಅಕ್ಕ. ಲೋಟ ತೊಳೆಯುತ್ತ, ನನ್ನ ಮುಖ ನೋಡದೆ, "ಮೇಷ್ಟ್ರೇ, ಅಷ್ಟರೊಳಗೆ ಈ ಜಾಗದ್ದೊಂದು ಚಿತ್ರ ಬರೆದು ಕೊಡ್ತೀರಾ?" ಎಂದರು. ಯಾರ ಹತ್ತಿರವೂ ಏನನ್ನೂ ಕೇಳಿದವರಲ್ಲ ಅವರು. ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಎದುರಿನ ಮೋರಿಕಟ್ಟೆಯ ಮೇಲೆ ಕೂತು ಮೂರು ವಾರ ಬರೆದೆ. ಧೂಪದ ಮರಗಳ ಕಾಂಡಕ್ಕೆ ಚೊಗರು ಎಷ್ಟು ಚಂದ ಒಪ್ಪಿತೆಂದರೆ, ಮರ ಬೆಳೆದದ್ದೇ ನನ್ನ ಕುಂಚಕ್ಕಾಗಿ ಅನ್ನಿಸಿಬಿಟ್ಟಿತು. ಮರಗಳ ಬುಡದಲ್ಲಿ ಅಂಗಡಿ, ಮಾಡಿನಿಂದೇಳುವ ಹೊಗೆ, ಮೇಲೆ ಮೂರನೇ ಒಂದು ಭಾಗ ಆಕಾಶ. ಕಟ್ಟು ಹಾಕಿಸಿ, ಗಾಜು ಕೂರಿಸಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಒಯ್ದೆ.

ಅಕ್ಕ ಕೈ ಒರೆಸಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ, "ಚಂದ ಇದೆ. ಇದು ಎಲ್ಲಿದು ಮೇಷ್ಟ್ರೇ?" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ. ನಿಮ್ಮ ಅಂಗಡಿಯೇ ಅಕ್ಕ, ಆ ಕಡೆಯಿಂದ ಕಾಣುವುದು ಎಂದೆ. "ಹೌದಾ? ಆ ಕಡೆಯಿಂದ ಯಾವತ್ತು ನೋಡಿದ್ದೆ ನಾನು? ಬರೋದು ಹಿಂದಿನ ಕಾಲ್ದಾರೀಲಿ, ಹೋಗೋದೂ ಹಂಗೇ. ರಸ್ತೆ ದಾಟಿದ್ರೂ ಒಲೆ ಮೇಲೆ ಹಾಲು ಇಟ್ಟು ದಾಟ್ತಿದ್ದೆ. ತಿರುಗಿದ್ರೆ ಹಾಲು ನೋಡ್ತಿದ್ದೆ, ಮರ ಅಲ್ಲ." ಒಲೆಯ ಹಿಂದೆ ನಿಂತು ರಸ್ತೆಯಾಚೆ ಕೈ ತೋರಿಸಿದರು. "ನನಗೆ ಬೇಕಾಗಿದ್ದು ಅದು."

ಅಲ್ಲಿದ್ದದ್ದು ಧರೆ. ಹಿಂದೆಂದೋ ರಸ್ತೆ ಮಾಡುವಾಗ ಗುಡ್ಡ ಕಡಿದು ಬಿಟ್ಟ ಮಣ್ಣಿನ ಗೋಡೆ. ಅದಕ್ಕೆ ಬೆನ್ನು ಹಾಕಿ ಕೂತೇ ನಾನು ಮೂರು ವಾರ ಚಿತ್ರ ಬರೆದಿದ್ದೆ.

"ಇದನ್ನ ನೀವೇ ಇಟ್ಕಳಿ. ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕು, ಅಷ್ಟರೊಳಗೆ ಬರ್ತೀರಾ?" ಎಂದು ಕೇಳಿದರು. ನೋಡೋಣ ಎಂದೆ. ನನಗೆ ಸಿಟ್ಟು ಬಂದಿತ್ತು. ಇಷ್ಟು ಚಂದದ ಮರ ಬಿಟ್ಟು ಮಣ್ಣಿನ ಗೋಡೆ ಬರೆಯಬೇಕಂತೆ! ಚಿತ್ರ ಕಂಕುಳಲ್ಲಿಟ್ಟುಕೊಂಡು ಮುಂದಿನ ಬಸ್ಸಿಗೇ ಹೊರಟೆ.

ಆ ತಿಂಗಳು ಹೆಗ್ಗೋಡಿನಲ್ಲಿ ನನ್ನ ಚಿತ್ರಗಳ ಪ್ರದರ್ಶನವಿತ್ತು. ಎಲ್ಲರೂ ನಿಂತು ನೋಡಿದ್ದು ಅದೇ ಧೂಪದ ಮರಗಳನ್ನು. ಜಾಗವನ್ನು ಎಷ್ಟು ಹಚ್ಚಿಕೊಂಡಿದ್ದೀರಿ ಎಂದರು ಒಬ್ಬರು. ಉಬ್ಬಿಹೋದೆ. ತಿಂಗಳ ಕೊನೆ ಎಂಬ ಮಾತು ಎಲ್ಲೋ ಮೂಲೆಗೆ ಬಿದ್ದಿತು. ಮರೆತೆ ಅಂದರೆ ಸುಳ್ಳಾಗುತ್ತದೆ, ಬೇಕೆಂದೇ ಮುಂದೂಡಿದೆ.

ಕೊನೆಗೆ ಹೋದಾಗ ತಿರುವೇ ಗುರುತು ಸಿಗಲಿಲ್ಲ. ಕಂಡಕ್ಟರ್ ಸ್ಟಾಪಿನ ಹೆಸರು ಕೂಗಿದ್ದಕ್ಕೆ ಇಳಿದೆ. ಮರಗಳಿಲ್ಲ, ಅದು ಗೊತ್ತಿದ್ದದ್ದೇ. ಆದರೆ ಧರೆಯನ್ನೂ ಜೆಸಿಬಿ ಹದಿನೈದು ಅಡಿ ಹಿಂದಕ್ಕೆ ಕೆರೆದು ಹಾಕಿತ್ತು. ಉಳಿದದ್ದು ಹಸಿ ಕೆಂಪು ಮಣ್ಣು, ಅದರ ಮೇಲೆ ಹಲ್ಲಿನ ಗೀರುಗಳು. ಒಂದು ದಿನ, ಒಂದೇ ಒಂದು ದಿನ ಒಲೆಯ ಹಿಂದೆ ಸ್ಟೂಲ್ ಹಾಕಿ ಕೂತಿದ್ದರೆ ಆಗುತ್ತಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಕ್ಕ ತೀರ್ಥಹಳ್ಳಿಯಲ್ಲಿ ಸಿಕ್ಕರು. ಬಸ್‌ಸ್ಟ್ಯಾಂಡ್ ಹತ್ತಿರ ತಂಗಿಯ ಕ್ಯಾಂಟೀನಿನಲ್ಲಿ ಚಾ ಕಾಸುತ್ತಿದ್ದರು. "ಈಗ ಬಂದ್ರಾ?" ಎಂದರು, ಅಷ್ಟೇ. ಅವರ ಒಲೆಯ ಎದುರಿಗೆ ಒಂದು ಗೋಡೆ. ಎಣ್ಣೆ ಜಿಡ್ಡಿನ ಹಳದಿ ಗೋಡೆ, ಕಿಟಕಿ ಕೂಡ ಇಲ್ಲ. "ದಿನವಿಡೀ ಇದನ್ನ ನೋಡ್ಕಂಡು ನಿಂತ್ರೆ ತಲೆ ಕೆಡ್ತದೆ ಮೇಷ್ಟ್ರೇ. ನಮ್ಮನೆಯವರು ತೀರ್ಕಂಡ ವರ್ಷ ನಾನು ಧರೆ ನೋಡ್ಕಂಡೇ ದಿನ ಕಳೆದಿದ್ದು" ಎಂದರು. ತಪ್ಪಾಯಿತು ಅಕ್ಕ ಎಂದೆ. "ತಪ್ಪು ಗಿಪ್ಪು ಎಂತಕ್ಕೆ? ನಾನು ಹೇಳ್ತೀನಿ, ನೀವು ಬರೀರಿ."

ಮೂರರಿಂದ ನಾಲ್ಕರವರೆಗೆ ಗಿರಾಕಿ ಕಡಿಮೆ. ಶನಿವಾರ ಶನಿವಾರ ಆ ಹೊತ್ತಿಗೆ ಹೋಗಿ, ಮೈದಾ ಚೀಲದ ಮೇಲೆ ಕೂತು ಅವರು ಹೇಳಿದ್ದನ್ನು ಬರೆಯತೊಡಗಿದೆ. ಕಾಣದ್ದನ್ನು ಬರೆಯದ ನಾನು! ಆದರೆ ಎರಡನೇ ಶನಿವಾರದ ಹೊತ್ತಿಗೆ ಬಸ್ಸು ಸಾಗರದಿಂದ ಯಾವಾಗ ಹೊರಟೀತು ಎಂದು ಕಾಯುವಷ್ಟು ಕುತೂಹಲ ಹತ್ತಿಬಿಟ್ಟಿತ್ತು. ಅವರಿಗೆ ಆ ಧರೆ ಗೇಣು ಗೇಣು ಗೊತ್ತಿತ್ತು. ಎಡಕ್ಕೆ ಹೊಟ್ಟೆ ಬಂದಂತೆ ಉಬ್ಬಿದ ಕಡೆ ಪಾಚಿ. ಅದರ ಮೇಲೆ ಒಂದು ಬೇರು ಹೊರಗೆ ಬಂದು ಮತ್ತೆ ಒಳಗೆ ಹೋಗಿತ್ತು. ಬೇರಿನ ಕೆಳಗೆ ಮಿಂಚುಳ್ಳಿಯ ತೂತು. ಬಲಕ್ಕೆ ನೀರು ಜಿನುಗುವ ಜಾಗ, ಅಲ್ಲಿ ಮಾತ್ರ ಬೇಸಿಗೆಯಲ್ಲೂ ಜರಿಗಿಡ ಹಸಿರು. ಬಸ್ಸು ಬರುವ ಮೊದಲು ಅದರ ನೆರಳು ಧರೆಯ ಮೇಲೆ ಬಂದು ಹೋಗುತ್ತಿತ್ತಂತೆ, ಅದನ್ನು ನೋಡಿ ಚಾಕ್ಕೆ ನೀರಿಡುತ್ತಿದ್ದರಂತೆ. ಮಣ್ಣಿನ ಬಣ್ಣ ಯಾವುದಕ್ಕ ಎಂದರೆ, "ಸುಟ್ಟ ಹಲಸಿನ ಬೀಜ ಇರ್ತದಲ್ಲ, ಸಿಪ್ಪೆ ಅಲ್ಲ, ಒಳಗಿನ ತೆಳು ಪದರ" ಎಂದರು. ಚೊಗರಿಗೆ ಎಷ್ಟು ನೀರು ಬೆರೆಸಬೇಕೆಂದು ತಕ್ಷಣ ಗೊತ್ತಾಯಿತು.

ಆಕಾಶ ಎಲ್ಲಿಂದ ಶುರು ಮಾಡಲಿ ಎಂದು ಕೇಳಿದೆ.

"ಆಕಾಶ ಎಲ್ಲಿತ್ತು? ಮಾಡು ಅಷ್ಟು ತಗ್ಗು, ಧರೆ ಅಷ್ಟು ಎತ್ತರ. ಬಗ್ಗಿ ನೋಡಿದ್ರೆ ಕಾಣ್ತಿತ್ತೇನೋ. ಬಗ್ಗಕ್ಕೆ ಯಾರಿಗೆ ಪುರುಸೊತ್ತು?"

ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೆ: ಮೊದಲು ಅಡ್ಡಗೆರೆ ಎಳೆಯಿರಿ, ಮೇಲೆ ಆಕಾಶ, ಕೆಳಗೆ ಭೂಮಿ. ಈಗ ಕಾಗದದ ನಾಲ್ಕೂ ಅಂಚಿನವರೆಗೆ ಮಣ್ಣು ತುಂಬಿದೆ. ಉಸಿರು ಕಟ್ಟೀತು ಅಂದುಕೊಂಡಿದ್ದೆ, ಹಾಗಾಗಲಿಲ್ಲ. ನೋಡಿದಷ್ಟೂ ಒಳಗೆ ಜಾಗವಿತ್ತು. ಬೇರನ್ನು ಮೂರು ಸಲ ತಿದ್ದಿಸಿದರು, ಮಿಂಚುಳ್ಳಿಯ ತೂತನ್ನು ಎರಡು ಬೆರಳು ಕೆಳಗಿಳಿಸಿದರು. ಆರನೇ ಶನಿವಾರ ನೋಡಿ ಒಂದು ಹೂಂ ಅಂದರು. ನಾನು ಬರೆದದ್ದರಲ್ಲೆಲ್ಲ ಒಳ್ಳೆಯ ಚಿತ್ರ ಅದು. ಕೊಡಲು ಮನಸ್ಸಾಗಲಿಲ್ಲ, ಇನ್ನೊಂದು ಬರೆದುಕೊಟ್ಟು ಇದನ್ನು ನಾನೇ ಇಟ್ಟುಕೊಳ್ಳಲೇ ಎಂದು ಎರಡು ವಾರ ಒದ್ದಾಡಿದೆ. ಮೊದಲೇ ಒಂದು ಸಲ ಕೈ ಕೊಟ್ಟವನು. ನಾಚಿಕೆಯಾಗಿ ಕಟ್ಟು ಹಾಕಿಸಿ ಒಯ್ದೆ.

ಅಕ್ಕ ಮೊದಲು ಮಾಡಿದ್ದು ಗಾಜು ತೆಗೆದದ್ದು. ಅದರಲ್ಲಿ ಟ್ಯೂಬ್‌ಲೈಟ್ ಕಾಣುತ್ತದಂತೆ. ಆಮೇಲೆ ಒಲೆಯ ಎದುರಿನ ಗೋಡೆಗೆ ಮೊಳೆ ಹೊಡೆದು ಚಿತ್ರ ತೂಗುಹಾಕಿದರು. ನಾನು ಗಾಬರಿಯಾಗಿ, ಅಲ್ಲಿ ಬೇಡ ಅಕ್ಕ, ಈ ಹಬೆಗೆ ಒಂದು ಮಳೆಗಾಲವೂ ಬಾಳುವುದಿಲ್ಲ, ಗಲ್ಲಾಪೆಟ್ಟಿಗೆ ಹಿಂದೆ ಹಾಕಿ, ಬಂದವರೆಲ್ಲ ನೋಡುತ್ತಾರೆ ಎಂದು ಚಿತ್ರಕ್ಕೆ ಅಡ್ಡ ಹೋಗಿ ನಿಂತೆ.

ಅವರು ಆಗಲೇ ಒಲೆಯ ಹಿಂದೆ ತಮ್ಮ ಜಾಗಕ್ಕೆ ಹೋಗಿ ನಿಂತಿದ್ದರು. ಪಾತ್ರೆಯಲ್ಲಿ ನೀರು ಮರಳುತ್ತಿತ್ತು. ನನ್ನನ್ನಲ್ಲ, ನನ್ನ ಹೆಗಲಾಚೆ ನೋಡುತ್ತ ಹೇಳಿದರು:

"ಸ್ವಲ್ಪ ಸರೀರಿ ಮೇಷ್ಟ್ರೇ. ಧರೆ ಕಾಣ್ತಿಲ್ಲ."