ಹನೋಕಪ್ಪ ಊರಲ್ಲಿಲ್ಲ

ಬೀದಿಯಲ್ಲಿ ನಿಂತು ಯಾರಾದರೂ ‘ಹನೋಕಪ್ಪಾ’ ಎಂದು ಕೂಗಿದರೆ ಒಳಗಿನಿಂದ ‘ಊರ್ಲೋ ಲೇಡು’ ಎಂಬ ಉತ್ತರ ಬರುತ್ತಿತ್ತು. ಹಾಗೆ ಊರಲ್ಲಿಲ್ಲ ಎಂದು ಹೇಳುತ್ತಿದ್ದವನು ಹನೋಕಪ್ಪನೇ. ಕನ್ನಡದವರು ಬಂದರೆ ತೆಲುಗಿನಲ್ಲಿ ಹೇಳುತ್ತಿದ್ದ, ತೆಲುಗಿನವರು ಬಂದರೆ ಕನ್ನಡದಲ್ಲಿ. ಆಮೇಲೆ ಕಿಟಕಿಯ ಸಂದಿಯಲ್ಲಿ ಒಂದು ಕಣ್ಣು ಕಾಣಿಸಿಕೊಳ್ಳುತ್ತಿತ್ತು. ಬಂದವರು ಗುರುತಿನವರು, ಅವರ ಪಾದ ನೆಲ ಮುಟ್ಟಿದೆ, ಅವರಿಗೆ ನೆರಳೂ ಇದೆ ಎಂದು ಆ ಕಣ್ಣಿಗೆ ಖಾತ್ರಿಯಾದರೆ ಮಾತ್ರ ಬಾಗಿಲ ಅಗುಳಿ ಸರಿಯುತ್ತಿತ್ತು.

ಅನುಮಾನದಲ್ಲಿ ನನ್ನನ್ನು ಮೀರಿಸಿದವರನ್ನು ನಾನು ಕಂಡದ್ದು ಅದೇ ಮೊದಲು. ನಾನು ಹಿಂದೂಪುರದ ಮಗ್ಗದ ಮನೆಯಲ್ಲಿ ಹುಟ್ಟಿದವನು. ಮಗ್ಗದ ಗುಂಡಿಯಲ್ಲಿ ಹಾವಿರಬಹುದೆಂಬ ಭಯಕ್ಕೆ ಕಾಲು ಇಳಿಬಿಡದೆ, ಓದಿ ಕರೆಂಟ್ ಆಫೀಸಿನ ಗುಮಾಸ್ತನಾದೆ. ಆ ಗುಂಡಿಯಲ್ಲಿ ಇವತ್ತಿನವರೆಗೂ ಯಾರೂ ಹಾವು ಕಂಡಿಲ್ಲ. ನನ್ನ ಅನುಮಾನವೂ ಹೋಗಿಲ್ಲ. ಕಲ್ಯಾಣದುರ್ಗಕ್ಕೆ ವರ್ಗವಾದಾಗ ಹೆಂಡತಿಯನ್ನೂ ಮೂರು ವರ್ಷದ ಮಗಳು ಸುಮಾಳನ್ನೂ ಕರೆದುಕೊಂಡು ಬಾಡಿಗೆ ಮನೆ ಹುಡುಕುತ್ತ ಹನೋಕಪ್ಪನ ಬಾಗಿಲಿಗೆ ಬಂದೆ. ಬೀದಿಯ ಬದಿಗೆ ಆತನ ಮನೆ, ಅದಕ್ಕೇ ಅಂಟಿಕೊಂಡ ಎರಡು ಕೋಣೆ ನಮಗೆ. ಮನೆ ಯಾರದೆಂದು ಕೇಳಿದೆ. ‘ಮನೆ ಮನೇದೇ ಕಣಪ್ಪ. ನಿಂಗೆ ಸೂರು ಬೇಕೋ, ಹೆಸ್ರು ಬೇಕೋ?’ ಎಂದ. ತಲೆತಪ್ಪಿಸಿಕೊಂಡ ಖೈದಿಯೇ ಇರಬೇಕು ಎಂದು ಹೆಂಡತಿಗೆ ಪಿಸುಗುಟ್ಟಿದೆ. ಖೈದಿಯ ಅಂಗಳದಲ್ಲಿ ಇಷ್ಟು ಚೆನ್ನಾಗಿ ಕಡಲೆಕಾಯಿ ಒಣಗಿಸಿರುವುದಿಲ್ಲ ಎಂದು ಅವಳು ಸಾಮಾನು ಇಳಿಸಿದಳು.

ಆತನಿಗೂ ನನ್ನ ಮೇಲೆ ಗುಮಾನಿ ಇತ್ತು. ನಾನು ಗೇಟು ತೆಗೆದ ಸದ್ದಾದರೆ ಸಾಕು, ಪಡಸಾಲೆಯ ಬಲ್ಬು ಆರುತ್ತಿತ್ತು. ಕರೆಂಟ್ ಆಫೀಸಿನವರಿಗೆ ಮೀಟರು ಮುಟ್ಟದೆಯೇ ಮನೆಯಲ್ಲಿ ಎಷ್ಟು ಕರೆಂಟು ಉರಿದಿದೆಯೆಂದು ತಿಳಿಯುತ್ತದೆ ಎಂದು ನಂಬಿದ್ದ. ನನ್ನ ಹೆಸರು ಗೊತ್ತಿದ್ದರೂ ‘ಕರೆಂಟಯ್ಯ’ ಎಂದೇ ಕರೆಯುತ್ತಿದ್ದ. ಆತ ಯಾರನ್ನೂ ಅವರ ಹೆಸರಿನಿಂದ ಕರೆದವನಲ್ಲ. ಜೀಪು ಓಡಿಸುವ ಸ್ವಂತ ಮಗ ‘ಜೀಪ್ನೋನು’, ಸೊಸೆ ಲಕ್ಷ್ಮಕ್ಕ ‘ಒಳಗ್ನೋಳು’. ನನ್ನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತುತ್ತಿದ್ದ, ಯಾರದು ಕೂಸು ಎಂದು ಕೇಳಿದರೆ ‘ಯಾವ್ದೋ ಒಂದು’ ಎನ್ನುತ್ತಿದ್ದ. ಸುಮಾಳೂ ಹೆಸರು ಕೇಳಿದವರಿಗೆಲ್ಲ ‘ಯಾವ್ದೋ ಒಂದು’ ಎಂದೇ ಹೇಳತೊಡಗಿದಳು. ಸ್ಕೂಲಿಗೆ ಸೇರಿಸುವ ದಿನ ನನಗಾದ ಪಜೀತಿ ನನಗೇ ಗೊತ್ತು.

ಹೆಸರಿನಿಂದಾಗಿ ಆತ ಯಾರಿಗೂ ಸೇರದವನಾಗಿದ್ದ. ಕ್ರಿಸ್‌ಮಸ್ಸಿಗೆ ಚರ್ಚಿನವರು, ಬೈಬಲ್ಲಿನ ಹೆಸರು, ನಮ್ಮವನೇ ಎಂದು ಕರೆಯುತ್ತಿದ್ದರು. ಹೋಗಿ ಕೇಕು ತಿಂದು ಬರುತ್ತಿದ್ದ. ಶನಿವಾರ ಹನುಮಂತರಾಯನ ಗುಡಿಗೆ ಹೋಗಿ ತೆಂಗಿನಕಾಯಿ ಒಡೆಸುತ್ತಿದ್ದ. ಎರಡೂ ಕಡೆಯವರಿಗೆ ಆತನ ಮೇಲೆ ಸಣ್ಣ ಅನುಮಾನ. ಆತನಿಗೆ ಎರಡೂ ಕಡೆಯವರ ಮೇಲೆ ದೊಡ್ಡ ಅನುಮಾನ.

ಆ ಹೆಸರಿನ ಕಥೆ ನನಗೆ ಗೊತ್ತಾದದ್ದು ಆಸ್ಪತ್ರೆಯ ಬೆಂಚಿನ ಮೇಲೆ. ಸುಮಾಳಿಗೆ ಜ್ವರ ಏರಿ ಕಣ್ಣು ಮೇಲಾಗುತ್ತಿತ್ತು. ಹನೋಕಪ್ಪ ಅವಳನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ನಮಗಿಂತ ಮುಂದೆ ನಡೆದಿದ್ದ. ಒಳಗಿನಿಂದ ‘ಸುಮಾ’ ಎಂದು ಕೂಗಿದರು. ನಾನು ಏಳುವಷ್ಟರಲ್ಲಿ ಆತ ನನ್ನ ಅಂಗಿ ಹಿಡಿದು ಕೂರಿಸಿ, ಬಾಗಿಲವರೆಗೆ ಹೋಗಿ, ಕೂಗಿದವಳು ನರ್ಸೇ ಎಂದು ನೋಡಿಕೊಂಡು ಬಂದ. ಅಷ್ಟರಲ್ಲಿ ಇನ್ನೊಬ್ಬರು ಒಳಗೆ ಹೋಗಿಯಾಗಿತ್ತು. ನನಗೆ ಮೈಯೆಲ್ಲ ಉರಿಯಿತು. ಮಗು ಸಾಯುತ್ತಿದೆ, ನಿನ್ನ ಹುಚ್ಚಾಟ ಏನು ಎಂದು ಎಲ್ಲರೆದುರೇ ರೇಗಿದೆ. ಆತ ಕೋಪ ಮಾಡಿಕೊಳ್ಳಲಿಲ್ಲ. ದನಿ ತಗ್ಗಿಸಿ ಹೇಳಿದ:

‘ನಮ್ಮವ್ವಂಗೆ ಮೊದ್ಲು ಹುಟ್ಟಿದ್ದು ಗಂಡು ಕಣಯ್ಯ. ನಮ್ಮ ತಾತನ ಹೆಸ್ರು ಈರಣ್ಣ ಅಂತ ಇಟ್ರು. ವರ್ಷ ತುಂಬ್ಲಿಲ್ಲ, ಹೋಯ್ತು. ಎರಡ್ನೇದನ್ನ ಮೊರದಾಗ ಹಾಕಿ ತಿಪ್ಪೆ ಮ್ಯಾಲೆ ಇಟ್ಟು, ಯಾರಿಗೂ ಬ್ಯಾಡದ್ದು ಅಂತ ತಿಪ್ಪಯ್ಯ ಅಂದ್ರು. ಅದೂ ಹೋಯ್ತು. ಊರಾಗೆ ಎರಡು ಮನೆಗೊಬ್ಬ ತಿಪ್ಪಯ್ಯ ಇದ್ರೆ ಸಾವಿಗೆ ಆ ಉಪಾಯ ತಿಳೀದೆ ಇರ್ತದಾ? ಮೂರ್ನೇದು ನಾನು. ನಮ್ಮವ್ವ ಮಿಷನ್ ಆಸ್ಪತ್ರೆ ನರ್ಸಮ್ಮನ ಸೆರಗು ಹಿಡ್ಕಂಡು, ಈ ಸೀಮೇನಾಗೆ ಯಾರಿಗೂ ಇಲ್ದಿರೋ ಹೆಸ್ರು ಕೊಡು ತಾಯಿ ಅಂದ್ಳಂತೆ. ಆಯಮ್ಮ ಕೊಟ್ಟಿದ್ದು ಇದು. ಹೆಸ್ರು ಕೂಗಿ ಹುಡಿಕ್ಕಂಡು ಬಂದೋನಿಗೆ ಬಾಯಿ ತಿರುಗ್ಬಾರ್ದು, ವಾಪಸ್ ಹೋಗ್ಬೇಕು.’

ಔಷಧಿಗೆ ಜ್ವರ ಇಳಿಯಿತು. ಇಳಿಸಿದ್ದು ಔಷಧಿಯೇ ಎಂದು ನಾನು ಈಗಲೂ ಹೇಳುತ್ತೇನೆ. ಸುಮಾ ಮಾತ್ರ ಒಪ್ಪಲಿಲ್ಲ. ತನ್ನನ್ನು ಮೊದಲ ಕೂಗಿಗೆ ಬಿಟ್ಟುಕೊಡದೆ ಟವೆಲಿನಲ್ಲಿ ಬಚ್ಚಿಟ್ಟವನು ಹನೋಕಜ್ಜ ಎಂದು ನಂಬಿಯೇ ಬೆಳೆದಳು. ನನಗೆ ಮತ್ತೆ ಹಿಂದೂಪುರಕ್ಕೆ ವರ್ಗವಾದ ಮೇಲೂ ಆ ನಂಬಿಕೆ ಅವಳ ಜೊತೆಯಲ್ಲೇ ಬಂತು.

ಅವಳನ್ನು ಹತ್ತಿರದ ಊರು ಪರಿಗಿಗೆ ಕೊಟ್ಟೆವು. ರೇಷ್ಮೆ ಸೀರೆಯ ವ್ಯಾಪಾರದವರು, ನಮ್ಮವರೇ. ಮೊದಲ ಮಗು ಬಾಣಂತಿಕೋಣೆ ದಾಟಲಿಲ್ಲ. ಆಮೇಲೆ ಅವಳು ಮಾತು ಕಡಿಮೆ ಮಾಡಿದಳು. ಹೋದ ವರ್ಷ ಎರಡನೆಯದು ಗಂಡು, ನಮ್ಮ ಮನೆಯಲ್ಲೇ ಬಾಣಂತನ. ನಾಮಕರಣದ ಮಾತು ಬಂದಾಗ ಮಗುವನ್ನು ಎದೆಗೊತ್ತಿಕೊಂಡು ಹೇಳಿದಳು: ‘ಅಪ್ಪಾ, ಹನೋಕ್ ಅಂತ ಇಡ್ತೀನಿ. ಅದಿಲ್ಲಾಂದ್ರೆ ಹೆಸ್ರೇ ಬ್ಯಾಡ. ಹೆಸ್ರಿಟ್ಟು ಇನ್ನೊಂದನ್ನ ಕಳ್ಕಳಾಕೆ ನನ್ ಕೈಲಾಗಲ್ಲ.’

ಸುದ್ದಿ ಪರಿಗಿಗೆ ಮುಟ್ಟಿತು. ಹುಡುಗಿ ಯಾವುದಾದರೂ ಪ್ರಾರ್ಥನೆಗೆ ಹೋಗುತ್ತಿದ್ದಾಳೆಯೇ ಎಂದು ಬೀಗಿತ್ತಿ ಫೋನಿನಲ್ಲಿ ಬಹಳ ಮೆತ್ತಗೆ ವಿಚಾರಿಸಿದರು. ಬೀಗಿತ್ತಿ ಮೆತ್ತಗೆ ಮಾತಾಡಿದರೆ ನನಗೆ ಅನುಮಾನ ಹೆಚ್ಚು. ಫೋನು ಹಿಡಿದು ಆ ಹೆಸರಿನ ಜಾತಕ ಜಾಲಾಡಿದೆ. ಮೂಲ ಹೀಬ್ರೂ ಭಾಷೆ. ಅರ್ಥ, ಮೀಸಲಾದವನು. ಪಳಗಿದವನು ಎಂದೂ ಒಂದು ಕಡೆ ಇತ್ತು. ಯೆಹೂದ್ಯರ ಹಳೆಯ ವಂಶಕಥೆಯೊಂದರಲ್ಲಿ ಈ ಹೆಸರಿನ ಹಿರಿಯನಿದ್ದಾನಂತೆ. ಎಲ್ಲರ ಸಾವನ್ನೂ ಸಾಲಾಗಿ ಹೇಳಿಕೊಂಡು ಹೋಗುವ ಕಥೆ ಇವನೊಬ್ಬನದನ್ನು ಹೇಳುವುದಿಲ್ಲ. ದೇವರ ಜೊತೆ ನಡೆಯುತ್ತಿದ್ದವನು ಆಮೇಲೆ ಕಾಣಲಿಲ್ಲ, ಅಷ್ಟೇ. ಆ ಸಾಲನ್ನು ಇನ್ನೊಮ್ಮೆ ಓದಿದೆ. ಮರುಗಳಿಗೆಯೇ, ನಾನು ಹುಡುಕಿದ್ದು ಬೀಗಿತ್ತಿಗೆ ಗೊತ್ತಾಗುವುದೋ ಏನೋ ಎಂದು ಫೋನನ್ನೇ ಆರಿಸಿದೆ.

ಹೆಸರಿನ ಯಜಮಾನನನ್ನೇ ಕೇಳಿಬಿಡೋಣ ಎಂದು ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಹೊರಗೆ ನಿಂತು ಕೂಗಿದೆ. ‘ಊರ್ಲೋ ಲೇಡು’ ಎಂದಿತು ಒಳಗಿನ ದನಿ. ದನಿ ಬಡವಾಗಿತ್ತು. ಕಣ್ಣು ಕಿಟಕಿಗೆ ಬರಲು ಬಹಳ ಹೊತ್ತು ಹಿಡಿಯಿತು.

ಎಂಬತ್ತು ದಾಟಿದ ಜೀವ. ಒಳಂಗಳದ ಚಾಪೆಯ ಮೇಲೆ ಕೂತು, ಲಕ್ಷ್ಮಕ್ಕ ಸುಲಿದ ಕಡಲೆಬೀಜದಲ್ಲಿ ಜೊಳ್ಳು ಆರಿಸುತ್ತ ನನ್ನ ಮಾತೆಲ್ಲ ಕೇಳಿದ. ಸುಮಾಳ ಮೊದಲ ಮಗುವಿನ ವಿಷಯ ಬಂದಾಗ ಕೈ ನಿಂತಿತು. ಫೋನಿನಲ್ಲಿ ಇರುವುದನ್ನು ಓದು ಎಂದ. ಓದಿದೆ.

‘ಅಂಗಾದ್ರೆ ಆಯಪ್ಪ ಸತ್ತಿಲ್ವಾ?’

ಸತ್ತನೆಂದು ಹೇಳಿಲ್ಲ ಎಂದೆ. ಗೆದ್ದವನ ಹಾಗೆ ಸೊಸೆಯ ಕಡೆ ನೋಡಿದ. ‘ನೋಡಮ್ಮಿ, ನರ್ಸಮ್ಮ ಇದ್ನ ಯೋಳೇ ಇರ್ಲಿಲ್ಲ.’

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸುವ ಬುದ್ಧಿ ಇದ್ದರೆ ನಾನೇಕೆ ಹೀಗಿರುತ್ತಿದ್ದೆ? ಕೆಳಗಿದ್ದುದನ್ನೂ ಓದಿದೆ: ಅಪರೂಪದ ಹೆಸರು, ಆದರೆ ಈಚೆಗೆ ಮಕ್ಕಳಿಗೆ ಇಡುವವರು ಹೆಚ್ಚುತ್ತಿದ್ದಾರೆ. ಪಕ್ಕದಲ್ಲಿ ಮೇಲಕ್ಕೆ ತಿರುಗಿದ ಹಸಿರು ಬಾಣ. ಬಾಣವನ್ನು ತೋರಿಸಿದೆ. ಹನೋಕಪ್ಪ ಅದನ್ನು ಬೆರಳಿನಿಂದ ಒರೆಸಿ ನೋಡಿದ. ಹೋಗಲಿಲ್ಲ.

‘ತಿಪ್ಪಯ್ಯಂದೂ ಇಂಗೇ ಆಗಿದ್ದು’ ಎಂದ.

ಒಲ್ಲೆನೆಂದುಬಿಟ್ಟರೆ ಸುಮಾಳಿಗೆ ಏನು ಹೇಳುವುದು? ಅದೆಲ್ಲ ದೂರದೇಶದ ಲೆಕ್ಕ, ನಮ್ಮ ಕಡೆ ನಿನ್ನನ್ನು ಬಿಟ್ಟು ಈ ಹೆಸರಿನವರನ್ನು ನಾನು ಕಂಡಿಲ್ಲ ಎಂದು ತಡವರಿಸಿದೆ. ಆತ ಇನ್ನೂ ಆ ಬಾಣವನ್ನೇ ನೋಡುತ್ತಿದ್ದ. ಮುದುಕನಿಗೆ ಹೆಸರು ಹಂಚಿಕೊಳ್ಳಲು ಹೊಟ್ಟೆಯುರಿ ಎಂದೇ ಅನುಮಾನಿಸಿದೆ.

‘ಇಟ್ಬುಡ್ರಿ ಕೂಸಿಗೆ’ ಎಂದ ಕೊನೆಗೆ. ‘ನಾನು ಬಿಟ್ಬುಡ್ತೀನಿ.’

ಬಿಡುವುದೆಂದರೇನೆಂದು ನನಗೆ ತಿಳಿಯಲಿಲ್ಲ.

‘ಒಂದೇ ಹೆಸ್ರಿನಾಗೆ ಇಬ್ರು ಅವಿತ್ಕಬಾರ್ದು ಕರೆಂಟಯ್ಯ. ನನ್ನ ಹುಡಿಕ್ಕಂಡು ಬಂದೋನು ಅದ್ನ ನೋಡ್ಬುಟ್ರೆ? ಬ್ಯಾಡ. ಇವತ್ತಿಂದ ನಾನು ಈರಣ್ಣ. ನಮ್ಮ ತಾತಂದು, ನಮ್ಮಣ್ಣಂದು. ನಂಗೇ ಬರ್ಬೇಕಾಗಿದ್ದ ಹೆಸ್ರು ಅದು, ಸುಮ್ನೆ ಕಾದೈತೆ.’

‘ಏನ್ ಮಾತು ಮಾವ ಇದು’ ಎಂದಳು ಲಕ್ಷ್ಮಕ್ಕ.

‘ನಿಂಗೂ ಸೇರ್ಸೇ ಯೋಳಿದ್ದು ಕಣಮ್ಮ. ಮರ್ತು ಹಳೇದ್ರಾಗೆ ಕರ್ದೀಯ’ ಎಂದು ಮತ್ತೆ ಜೊಳ್ಳು ಆರಿಸತೊಡಗಿದ.

ಚಹಾ ಕುಡಿದು ಹೊರಟೆ. ಗೇಟು ದಾಟಿದವನಿಗೆ ಅಭ್ಯಾಸಬಲ, ಮುದುಕ ನಾಟಕ ಆಡಿದನೇ ಎಂಬ ಅನುಮಾನ. ತಿರುಗಿ ನಿಂತು ‘ಹನೋಕಪ್ಪಾ’ ಎಂದು ಕೂಗಿದೆ. ಉತ್ತರವಿಲ್ಲ. ಊರಲ್ಲಿಲ್ಲ ಎಂಬ ಉತ್ತರವೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, ನಾಲಿಗೆ ತೊದಲುತ್ತ, ‘ಈರಣ್ಣಾ’ ಎಂದೆ.

‘ಓ’ ಎಂದ. ಒಂದೇ ಕೂಗಿಗೆ, ಹೊರಗೆ ಇಣುಕದೆ, ಕನ್ನಡದಲ್ಲೇ.

ನಾಮಕರಣದ ದಿನ ಬೀಗಿತ್ತಿ ಮೊದಲು ಮನೆದೇವರ ಹೆಸರು ಹೇಳಿಸಿದರು, ಆಮೇಲೆ ಸುಮಾ ತನಗೆ ಬೇಕಾದದ್ದನ್ನು ಮಗುವಿನ ಕಿವಿಯಲ್ಲಿ ಹೇಳಿದಳು. ಹುಣಸೆಕಾಯಿ ಬಡಿಯುವ ಕಾಲಕ್ಕೆ ಕಲ್ಯಾಣದುರ್ಗದಿಂದ ಜೀಪಿನ ಮಗ ಫೋನು ಮಾಡಿದ. ಚಾಪೆಯ ಮೇಲೆ ಕೂತಿದ್ದ ಮುದುಕ ಹಾಗೇ ಒರಗಿ ಹೋಗಿಬಿಟ್ಟಿದ್ದನಂತೆ. ವಯಸ್ಸಾಗಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಈಗಲೂ ಆಗಾಗ ಹೇಳಿಕೊಳ್ಳುತ್ತೇನೆ. ಆ ಬಾಣ ತೋರಿಸದೆ ಇದ್ದಿದ್ದರೆ ಎಂಬ ಯೋಚನೆ ಬಂದಾಗ ಇನ್ನೂ ಒಂದು ಸಲ ಹೇಳಿಕೊಳ್ಳುತ್ತೇನೆ.

ಮೊನ್ನೆ ಪರಿಗಿಗೆ ಹೋಗಿದ್ದೆ. ಮೊಮ್ಮಗನಿಗೆ ಈಗ ಹೊಸ್ತಿಲು ದಾಟುವ ವಯಸ್ಸು. ಬಾಗಿಲು ಮುಚ್ಚಿತ್ತು. ಖುಷಿಯಲ್ಲಿ ಬೀದಿಯಿಂದಲೇ ‘ಹನೋಕ್, ಲೋ ಹನೋಕಪ್ಪಾ’ ಎಂದು ಕೂಗಿದೆ. ಒಳಗೆ ಆಡುತ್ತಿದ್ದ ಮಗುವಿನ ಗಿಲಕಿಯ ಸದ್ದು ಥಟ್ಟನೆ ನಿಂತಿತು. ಯಾರೋ ಮಗುವಿನ ಬಾಯಿಗೆ ಸೆರಗು ಒತ್ತಿದಂತಾಯಿತು. ಆಮೇಲೆ ನನ್ನ ಮಗಳ ದನಿ ಬಂತು:

‘ಊರ್ಲೋ ಲೇಡು.’

ನಾನು ಬಿಸಿಲಿನಲ್ಲೇ ನಿಂತೆ, ನನ್ನ ನೆರಳು ಕಿಟಕಿಗೆ ಕಾಣುವ ಹಾಗೆ.