ಆದವಾನಿ ಬಾಯಿ ಬಿಗಿದುಕೊಂಡ ದಿನ

ಹೊಲಿಗೆ ಯಂತ್ರ ಕಲಿಸಲು ಆದವಾನಿಗೆ ಹೋಗಿದ್ದಾಗ, ನಾನು ಇಳಿದುಕೊಂಡ ಮನೆಯ ಗೌರಮ್ಮ ನನ್ನನ್ನು ಫುಟ್ಬಾಲ್ ಪಂದ್ಯಕ್ಕೆ ಎಳೆದೊಯ್ದಳು. ಆಕೆಯ ಮಗನೇ ಹತ್ತಿ ಗಿರಣಿ ತಂಡದ ಗೋಲ್‌ಕೀಪರ್. ಎದುರಾಳಿ ಬಳ್ಳಾರಿಯವರು. ಊರಿಗೆ ಊರೇ ನೆರೆದಿತ್ತು, ಆದರೆ ಯಾರೂ ತುಟಿ ಬಿಚ್ಚಲಿಲ್ಲ.

“ಯಾರಾದ್ರೂ ಸತ್ತಾರೇನ್ರೀ?” ಎಂದೆ.

“ಹೋದ ಸಲ ಸೋತಾಗ ತಂಡದ ಮ್ಯಾನೇಜರು, ‘ಈ ಊರವ್ರಿಗೆ ಆಟ ತಿಳಿಯಂಗಿಲ್ಲ, ಬರೀ ಒದರ್ತಾರ, ಅದಕ್ಕ ಸೋತ್ವಿ’ ಅಂದಾನ. ಒದರದಿದ್ರ ಹೆಂಗ ಗೆಲ್ತಾನ ನೋಡೂಣು,” ಎಂದು ಗೌರಮ್ಮ ಪಿಸುಗುಟ್ಟಿದಳು.

ಬಳ್ಳಾರಿಯವರು ಗೋಲು ಹೊಡೆದರು. ಮಗ ತಿರುಗಿ ಕೂಗಿದ: “ಯವ್ವಾ, ನೀನಾರ ಬೈಯಬೇ! ನಿಂತಲ್ಲೇ ನಿದ್ದಿ ಬರಾಕತ್ತೈತಿ!”

ಗೌರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೇರೆ ಕಡೆ ನೋಡಿದಳು.

ವಿರಾಮದಲ್ಲಿ ಮ್ಯಾನೇಜರು ಹ್ಯಾಟು ತೆಗೆದು ಬಂದರು. “ಸ್ವಲ್ಪ ಕೂಗಿ ತಾಯಿ, ಹುಡುಗರಿಗೆ ಕಾಲೇ ಏಳುತ್ತಿಲ್ಲ.”

“ಅಂದಿದ್ದು ತಪ್ಪಾತು ಅನ್ರಿ ಮೊದಲ,” ಎಂದಳು ಗೌರಮ್ಮ, ಕೂತಲ್ಲಿಂದಲೇ.

ಅವರು ಎಲ್ಲರಿಗೂ ಕೇಳುವಂತೆ ಅಂದರು. ಆಮೇಲೆ ಎದ್ದ ಕೂಗು ದೂರದ ಕೋಸಗಿ ಊರಿನವರೆಗೂ ಮುಟ್ಟಿರಬೇಕು.

ಪಂದ್ಯವನ್ನಂತೂ ಸೋತರು. ಬೊಂಬಾಯಿ, ಮದರಾಸು, ರಂಗೂನುಗಳಲ್ಲಿ ಗೆದ್ದವರನ್ನು ನೋಡಿದ್ದೇನೆ. ಯಾರೂ ಅಂದಿನ ಆದವಾನಿಯವರಷ್ಟು ಎದೆ ಸೆಟೆಸಿ ಮನೆಗೆ ನಡೆದದ್ದಿಲ್ಲ. ಬಳ್ಳಾರಿಯವರು ಪಾಪ, ಗೆದ್ದದ್ದು ತಾವೇ ಹೌದೋ ಅಲ್ಲವೋ ಎಂದು ರೆಫರಿಯನ್ನು ಮತ್ತೊಮ್ಮೆ ಕೇಳಿಕೊಂಡು ರೈಲು ಹತ್ತಿದರು.