ಹರಿಯದ ಉಡದಾರ

ಸಂಜೆ ಮನೆಗೆ ಬಂದು ಬೆಲ್ಟು ಬಿಚ್ಚಿದಾಗ ಹೊಟ್ಟೆಯ ಸುತ್ತ ಉಳಿಯುವ ಕೆಂಪು ಗೆರೆಯನ್ನು ನೀವೂ ನೋಡಿರಬಹುದು. ನನ್ನ ವಿಶಾಲ ಉದರಮಂಡಲದ ಮೇಲೆ ಅದು ಸಾಕ್ಷಾತ್ ಸಮಭಾಜಕ ವೃತ್ತದಂತೆ ಶೋಭಿಸುತ್ತದೆ. ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ನನಗೆ ಪುಕ್ಕಟೆ ಒದಗಿದ ಪಾಠೋಪಕರಣ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಅಳಿಸಿಹೋಗುತ್ತದೆ. ಅಳಿಸಿಹೋಗದ ಗೆರೆಗಳು ಜವಳಗೇರಾದಲ್ಲಿವೆ, ನನ್ನ ಅಕ್ಕನ ಮಗ ಶರಣುವಿನ ಸೊಂಟದ ಮೇಲೆ.

ಏಳೆಂಟು ವರ್ಷಗಳ ಹಿಂದಿನ ಮಾತು, ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹತ್ತು ವರ್ಷದ ಶರಣು ಶಾಲೆಗಿಂತ ಕಾಲುವೆಯಲ್ಲೇ ಹೆಚ್ಚು ಹಾಜರಿರುತ್ತಿದ್ದ. ಮೈ ಒಣಗಿದರೂ ಸೊಂಟದ ಕರಿ ಉಡದಾರ ಒಣಗುತ್ತಿರಲಿಲ್ಲ. ಅದರ ತೇವದಲ್ಲಿ ಗಜಕರ್ಣ ಬೀಡುಬಿಟ್ಟಿತು. ಸರಕಾರಿ ದವಾಖಾನೆಯ ಡಾಕ್ಟರು ಮುಲಾಮು ಬರೆದುಕೊಟ್ಟು, ವಾರಗಟ್ಟಲೆ ಹಚ್ಚಬೇಕು, ಮೊದಲು ಆ ದಾರ ತೆಗೆಯಬೇಕು ಎಂದರಂತೆ. ಅಕ್ಕನ ಅತ್ತೆ ಬಸಮ್ಮ ಆ ಮಾತನ್ನು ದವಾಖಾನೆಯ ಮೆಟ್ಟಿಲ ಮೇಲೆಯೇ ಬಿಟ್ಟು ಬಂದರು. ಸುದ್ದಿ ತಿಳಿದ ನಾನು ಮಸ್ಕಿ, ಸಿಂಧನೂರು ದಾಟಿ ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋಗಿ, ಶಿಲೀಂಧ್ರಗಳ ಕುರಿತು ಒಂದು ಪಾಂಡಿತ್ಯಪೂರ್ಣ ಉಪನ್ಯಾಸ ಕೊಟ್ಟೆ. ಮುದುಕಿ ಸಾವಧಾನವಾಗಿ ಕೇಳಿಸಿಕೊಂಡರು.

“ಉಡದಾರ ಹರಿಯೂದು ಸತ್ತವರಿಗಿ, ಮಾಸ್ತರ. ಇದ್ದ ಕೂಸಿಂದು ಯಾರರ ಹರಿತಾರೇನ್ರಿ?”

ಹೆಣದ ಮೈ ತೊಳೆಯುವಾಗ ಉಡದಾರ ಹರಿಯುವ ಪದ್ಧತಿ ನನಗೂ ಗೊತ್ತಿತ್ತು. ಉಪನ್ಯಾಸ ಅಲ್ಲಿಗೇ ಸಮಾಪ್ತಿಯಾಯಿತು.

ಮುದುಕಿಯ ಪ್ರಶ್ನೆಗೆ ಉತ್ತರವಿದ್ದುದು ಸಿಂಧನೂರಿನ ಒಬ್ಬ ಔಷಧಿ ಅಂಗಡಿಯವನ ಬಳಿ. ಹುಡುಗನನ್ನು ನೋಡದೆ, ದಾರದ ಸುದ್ದಿ ಎತ್ತದೆ, ಭಾವನ ಕೈಗೆ ಬೇರೊಂದು ಟ್ಯೂಬು ಕೊಟ್ಟ. ಎರಡೇ ದಿನಕ್ಕೆ ತುರಿಕೆ ಶಾಂತ, ಕೆಂಪು ಮಾಯ. ದಾರವೂ ಉಳಿಯಿತು, ಹುಡುಗನಿಗೆ ನಿದ್ದೆಯೂ ಬಂತು. ಹಚ್ಚುವುದು ಬಿಟ್ಟರೆ ಮಾತ್ರ ಗಜಕರ್ಣ ಇನ್ನಷ್ಟು ಜಾಗ ಒತ್ತುವರಿ ಮಾಡಿಕೊಂಡು ಮರಳುತ್ತಿತ್ತು. ಭತ್ತಕ್ಕೆ ಹುಳದ ಎಣ್ಣೆ ಹೊಡೆಯುವ ನಿಷ್ಠೆಯಿಂದಲೇ ಭಾವ ಮತ್ತೆ ಟ್ಯೂಬು ತರುತ್ತಿದ್ದ. ಇನ್ನೂ ವಾಸಿಯಾಗಿಲ್ಲವೇ ಎಂದು ಅಂಗಡಿಯವನು ಒಮ್ಮೆಯೂ ಕೇಳಲಿಲ್ಲ. ಗಿರಾಕಿ ಮರಳಿ ಬಂದದ್ದಕ್ಕೆ ಕಾರಣ ಕೇಳುವ ವ್ಯಾಪಾರಿಯನ್ನು ನಾನೂ ಕಂಡಿಲ್ಲ, ನಿಜ. ಆದರೂ ಆ ಮನುಷ್ಯನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ವರ್ಷ ತುಂಬುವಷ್ಟರಲ್ಲಿ ಗಜಕರ್ಣ ತೊಡೆಗೂ ಬೆನ್ನಿಗೂ ಹಬ್ಬಿತು. ಸೊಂಟದ ಚರ್ಮ ಉಳ್ಳಾಗಡ್ಡಿಯ ಸಿಪ್ಪೆಯಂತೆ ತೆಳುವಾಗಿ, ಒಳಗೊಳಗೇ ಸೀಳಿ, ನೇರಳೆ ಪಟ್ಟೆಗಳೆದ್ದವು. ರಾಯಚೂರಿನ ಚರ್ಮದ ಡಾಕ್ಟರಮ್ಮ ಟ್ಯೂಬನ್ನು ತಿರುಗಿಸಿ ಓದಿ, ಇದರಲ್ಲಿ ಸ್ಟಿರಾಯ್ಡ್ ಇದೆ ಎಂದರು. ಅದು ತುರಿಕೆಯನ್ನು ಅಡಗಿಸುತ್ತದೆಯೇ ಹೊರತು ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಅದರ ಮರೆಯಲ್ಲಿ ರೋಗ ಬೆಳೆಯುತ್ತದೆ, ಮಕ್ಕಳ ಎಳೆ ಚರ್ಮವಂತೂ ಬೇಗ ಸವೆಯುತ್ತದೆ ಎಂದು ಬಿಡಿಸಿ ಹೇಳಿದರು. ಆಮೇಲೆ ಕತ್ತರಿ ತೆಗೆದುಕೊಂಡು ಉಡದಾರ ಕತ್ತರಿಸಿದರು. ಬಸಮ್ಮ ಗೋಡೆಗೆ ಮುಖ ಮಾಡಿ ನಿಂತಿದ್ದರು. ಹುಡುಗನಿಗೆ ಏನೂ ಆಗಲಿಲ್ಲ. ಆಗಬೇಕಾದದ್ದೆಲ್ಲ ದಾರ ಇದ್ದಾಗಲೇ ಆಗಿತ್ತು.

ಸರಿಯಾದ ಔಷಧಿಯಿಂದ ಗಜಕರ್ಣವೇನೋ ನಿಧಾನಕ್ಕೆ ಹೋಯಿತು. ಪಟ್ಟೆಗಳು ಬೆಳ್ಳಗಾದವು, ಹೋಗಲಿಲ್ಲ. ಮೊನ್ನೆ ಜವಳಗೇರಾಕ್ಕೆ ಹೋದಾಗ ಶರಣು, ಈಗ ಮೀಸೆ ಮೂಡಿದ ತರುಣ, ಕಾಲುವೆಯ ದಂಡೆಯಲ್ಲಿ ಗೆಳೆಯರ ಬಟ್ಟೆ ಕಾಯುತ್ತ ಕೂತಿದ್ದ. ನೀನೇಕೆ ಇಳಿಯಲಿಲ್ಲ ಎಂದೆ.

“ಅಂಗಿ ತಗೀಬೇಕಾಗತೈತಲ್ಲ, ಮಾಮಾ.”

ಸಂಜೆ ಅಕ್ಕನ ಮನೆಯಲ್ಲಿ ಎಂದಿನಂತೆ ಬೆಲ್ಟು ಬಿಚ್ಚಿದೆ. ಎದುರಿಗೆ ಶರಣು ಕೂತಿದ್ದ. ಚಹಾ ಇನ್ನೂ ಬಂದಿರಲಿಲ್ಲ. ನನ್ನ ಗೆರೆ ಅಳಿಸುವುದನ್ನು ಕಾಯದೆ, ಅಂಗಿ ಇಳಿಬಿಟ್ಟು ಮುಚ್ಚಿಕೊಂಡೆ.